ವೈಪರ್ ಡಬ್ಬಿಯ ನೀಲಿ ನೀರು

ಡಬ್ಬಿಗೆ ನೂರ ಹತ್ತು ರೂಪಾಯಿ, ಅದರ ಬುಡದ ರಬ್ಬರಿಗೆ ಐದು, ಒಂದು ಮೊಳ ಪೈಪಿಗೆ ಹತ್ತು. ಕೂಲಿ ಇಲ್ಲ, ಏಕೆಂದರೆ ಅಪ್ಪ ಆ ಹೊತ್ತಿಗೆ ಯಾವ ಮೆಕ್ಯಾನಿಕ್ಕನನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಗುಜರಿ ಅಂಗಡಿಯವನು ಮೊದಲು ಬಾಯಿ ತೆರೆದದ್ದು ಇನ್ನೂರ ಐವತ್ತಕ್ಕೆ. ಡಬ್ಬಿ ಅಷ್ಟು ಬಾಳುತ್ತಿತ್ತೆಂದಲ್ಲ. ಇವತ್ತೇ ಬೇಕು ಎಂದು ಅಪ್ಪನ ಮುಖದ ಮೇಲೆ ಬರೆದಿತ್ತು, ಅವನು ಅದನ್ನು ಓದಿಕೊಂಡ. ಯಾವ ಸಾಮಾನಿಗೂ ಎರಡು ಬೆಲೆ ಇರುತ್ತವೆ: ಬೇಕೇಬೇಕು ಎನ್ನುವವರಿಗೆ ಒಂದು, ಸುಮ್ಮನೆ ಕೇಳಿದೆ ಎನ್ನುವವರಿಗೆ ಒಂದು. ಇದನ್ನು ನಾನು ಕಲಿತದ್ದು ಆ ಅಂಗಡಿಯ ಮುಂದೆ, ಹತ್ತನೆಯ ವಯಸ್ಸಿನಲ್ಲಿ, ನೀಲಿ ಹಿಮ್ಮಡಿ ಇಟ್ಟುಕೊಂಡು ನಿಂತಾಗ.

ಆಗೆಲ್ಲ ಹತ್ತಿ ಬಿಡಿಸುವ ಕಾಲ ಬಂತೆಂದರೆ ರಾಯಚೂರನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದಿತ್ತು. ರೈಸ್ ಮಿಲ್ಲುಗಳಲ್ಲಿ ಭತ್ತ ಬೇಯಿಸುವ ಹುಳಿ ವಾಸನೆ, ಹೊಟ್ಟು ಸುಟ್ಟ ಹೊಗೆ. ಜಿನ್ನಿಂಗ್ ಫ್ಯಾಕ್ಟರಿಯ ಮುಂದೆ ಹಾದುಹೋದರೆ ಹತ್ತಿಯ ಎಳೆ ಹಾರಿ ಬಂದು ತುಟಿಗೆ ಅಂಟುತ್ತಿತ್ತು. ನಮ್ಮ ಓಣಿ ಮಿಲ್ಲುಗಳ ಬೆನ್ನಿಗೇ ಇತ್ತು. ಬಿಳಿ ಬಟ್ಟೆ ಒಣಹಾಕಿದರೆ ತೆಗೆಯುವಷ್ಟರಲ್ಲಿ ಅದರ ಮೇಲೆ ಕರಿ ಬೂದಿಯ ಚುಕ್ಕೆ. ಹಾಗಾಗಿ ನಮ್ಮ ಮನೆಯಲ್ಲಿ ಉಪ್ಪು ಮುಗಿದರೂ ನೀಲಿ ಮುಗಿಯುತ್ತಿರಲಿಲ್ಲ. ಬಟ್ಟೆಗೆ ಹಾಕುವ ನೀಲಿ, ನಿಮಗೂ ಗೊತ್ತಿರುತ್ತದೆ, ಬೆರಳಿಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ.

ಅಪ್ಪ ಮಿಲ್ಲಿನ ಬಾಯ್ಲರಿನಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ಉಳಿಸಿದ್ದರಲ್ಲಿ ಒಂದು ಹಳೆಯ ವ್ಯಾನು ಕೊಂಡಿದ್ದ. ಅದು ಮೂರು ಕೈ ದಾಟಿ ಬಂದಿತ್ತೋ ನಾಲ್ಕೋ, ಮಾರಿದವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಕಿಲೋಮೀಟರ್ ತೋರಿಸುವ ಮುಳ್ಳು ಕೊಂಡ ದಿನದಿಂದಲೂ ಅಲ್ಲಾಡಿರಲಿಲ್ಲ. ಹಳೆಯ ಗಾಡಿಯಲ್ಲಿ ಆ ಮುಳ್ಳು ಸತ್ತಿದ್ದರೆ, ಅದು ತಾನಾಗಿ ಸತ್ತಿಲ್ಲ, ಯಾರೋ ಕೊಂದಿದ್ದಾರೆ ಎಂದು ತಿಳಿಯಿರಿ.

ವ್ಯಾನು ಓಡಿಸುತ್ತಿದ್ದವನು ಯಂಕೋಬ ಮಾಮಾ, ನಮ್ಮ ಅವ್ವನ ತಮ್ಮ. ಕಲ್ಮಲದವನು. ಅವರ ಮನೆಯಲ್ಲಿ ಕುರಿ ಇದ್ದವು, ಇವನಿಗೆ ಮಾತ್ರ ಸ್ಟೇರಿಂಗ್ ಹಿಡಿಯುವ ಹುಚ್ಚು. ಬೆಳಗಾಗುವ ಮೊದಲು ನಮ್ಮ ಓಣಿಯ ಹೆಣ್ಣಾಳುಗಳನ್ನು ತುಂಬಿಕೊಂಡು ಮಾನ್ವಿ ರಸ್ತೆಯ ಹೊಲಗಳಿಗೆ ಬಿಡುವುದು, ಹಗಲು ಮಾನ್ವಿಗೆ ಸೀಟು ಹೊಡೆಯುವುದು, ಎಂದರೆ ತಲೆಗಿಷ್ಟೆಂದು ಜನರನ್ನು ಸಾಗಿಸುವುದು, ಸಂಜೆ ಹೆಣ್ಣಾಳುಗಳನ್ನು ವಾಪಸು ತರುವುದು ಅವನ ಕೆಲಸ. ಮಲಗುವುದು, ಉಣ್ಣುವುದು ನಮ್ಮ ಮನೆಯಲ್ಲಿ.

ಭಾನುವಾರ ನನ್ನನ್ನೂ ಮುಂದಿನ ಸೀಟಿನಲ್ಲಿ ಕೂಡಿಸಿಕೊಳ್ಳುತ್ತಿದ್ದ. ಕಲ್ಮಲದ ಕ್ರಾಸಿನಲ್ಲಿ ಮಂಡಾಳ ಒಗ್ಗಾಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಅದರ ಮೇಲೆ ಬಿಸಿ ಮಿರ್ಚಿ, ಎಣ್ಣೆ ಕುಡಿದ ಪೇಪರು. ತಿಂದ ಮೇಲೆ ನನಗೊಂದು ಆಟ ಕೊಡುತ್ತಿದ್ದ. ಸ್ಟೇರಿಂಗಿನ ಪಕ್ಕ ಒಂದು ಬಟನ್ ಇತ್ತು. ಒತ್ತಿದರೆ ಮುಂದಿನ ಗಾಜಿನ ಮೇಲೆ ನೀರು ಚಿಮ್ಮಬೇಕು. ನಮ್ಮ ವ್ಯಾನಿನಲ್ಲಿ ಎರಡು ತೂತುಗಳಲ್ಲಿ ಒಂದು ಸೊಟ್ಟಗಾಗಿತ್ತು. ಅದರ ನೀರು ಗಾಜು ಬಿಟ್ಟು ಮೇಲಕ್ಕೆ ಹಾರಿ, ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರ ತಲೆಯ ಮೇಲೆ ಬೀಳುತ್ತಿತ್ತು.

"ಯಾವನ್ಲೇ ಅವ, ಮಳಿಗಾಲ ಮುಗದು ಎಷ್ಟ್ ದಿನಾತು," ಎಂದು ಅಲ್ಲಿದ್ದ ಒಬ್ಬ ಮುದುಕ ಪ್ರತಿ ಸಲ ಆಕಾಶ ನೋಡುತ್ತಿದ್ದ. ಮಾಮಾ ಮುಖ ಗಂಟಿಕ್ಕಿಕೊಂಡು ಗಾಡಿ ಬಿಡುತ್ತಿದ್ದ. ನಾನು ಸೀಟಿನ ಕೆಳಗೆ ಬಗ್ಗಿ ನಗುತ್ತಿದ್ದೆ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಸಾಟಿ ಸಂಬಂಧ ಎಂದು ಮಾಡುತ್ತಾರೆ. ಒಂದು ಮನೆಯ ಹೆಣ್ಣು ತಂದವರು, ತಮ್ಮ ಮನೆಯ ಹೆಣ್ಣನ್ನು ಆ ಮನೆಗೆ ಕೊಡುವುದು. ಕಲ್ಮಲದವರು ನಮ್ಮ ಅವ್ವನನ್ನು ಕೊಟ್ಟಿದ್ದರು. ಈಗ ಅಪ್ಪನ ತಂಗಿ, ನಮ್ಮ ನರಸಮ್ಮ ಅತ್ತಿಯನ್ನು, ಯಂಕೋಬ ಮಾಮಾನಿಗೆ ಕೊಡುವುದೆಂದು ಮಾತಾಗಿತ್ತು. ಎಲೆ ಅಡಿಕೆ ಬದಲಾಗಿತ್ತು, ಬೇಸಿಗೆಗೆ ಮದುವೆ. ಸಾಟಿಯಲ್ಲಿ ಒಂದು ಗಂಟು ಬಿಚ್ಚಿದರೆ ಇನ್ನೊಂದೂ ಸಡಿಲವಾಗುತ್ತದೆ. ಅತ್ತಿಯ ಮದುವೆ ಮುರಿದರೆ ಅವ್ವನಿಗೆ ತವರಿನಲ್ಲಿ ಮುಖ ಇರುವುದಿಲ್ಲ, ನಮ್ಮ ಮನೆಯಲ್ಲಿ ಬಾಯಿ ಇರುವುದಿಲ್ಲ. ನರಸಮ್ಮ ಅತ್ತಿಗಿಂತ ಮುಂಚೆ ಅರಕೇರಾದ ಕಡೆಯ ಒಂದು ಹೆಣ್ಣನ್ನು ಮಾಮಾನಿಗೆ ನೋಡಿ, ಯಾಕೋ ಬಿಟ್ಟಿದ್ದರು. ಅರಕೇರಾ ದೇವದುರ್ಗದ ಆಚೆ. ಅದು ಅಪ್ಪನ ತಲೆಯ ಒಂದು ಮೂಲೆಯಲ್ಲಿ ಕೂತಿತ್ತು.

ಆ ಚಳಿಗಾಲ ಗಾಜಿಗೆ ನೀರು ಚಿಮ್ಮಿಸುವ ವೈಪರ್ ಡಬ್ಬಿ ದಿನಾ ಖಾಲಿಯಾಗತೊಡಗಿತು. ಅಪ್ಪ ಬೆಳಿಗ್ಗೆ ತುಂಬುತ್ತಿದ್ದ, ಸಂಜೆಗೆ ತಳ ಕಾಣುತ್ತಿತ್ತು. ನಳದ ನೀರು ನಮಗೆ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು, ಒಂದು ಚೊಂಬು ಎಂದರೂ ಅಪ್ಪನಿಗೆ ಲೆಕ್ಕ.

"ಯಂಕೋಬ, ಗಾಜಿಗಿ ನೀರು ಹೊಡೀತಿಯೇನು?" ಎಂದು ಒಂದು ಸಂಜೆ ಕೇಳಿದ.

"ಇಲ್ಲ ಭಾವಾ. ಮಾನ್ವಿ ರೋಡು ಡಾಂಬರ್ ಅದ. ಹಳಿ ಪೇಪರ್ ತಗೊಂಡು ಒರಸ್ತೀನಿ, ಸಾಕು."

"ಮತ್ತ ಡಬ್ಬಿ ಯಾಕ ಖಾಲಿ?"

"ಸೋರತದೇನೋ."

ಅಪ್ಪ ಹಾಗೆ ಬಾಯಿಮಾತು ನಂಬುವವನಲ್ಲ. ಸಂಜೆ ಡಬ್ಬಿಯ ಬಾಯಿತನಕ ತುಂಬಿ, ತಗಡಿನಿಂದ ಹೊರಗೆ ಕಾಣುವ ಅದರ ಕತ್ತಿನ ಮೇಲೆ ಇದ್ದಲಿನಲ್ಲಿ ಒಂದು ಗೆರೆ ಎಳೆದ. ಬೆಳಿಗ್ಗೆ ಎದ್ದವನೇ ನೋಡಿದ. ನೀರು ಗೆರೆಗೆ ಸರಿಯಾಗಿ ನಿಂತಿತ್ತು, ಕೂದಲಷ್ಟೂ ಇಳಿದಿರಲಿಲ್ಲ. ಮೂರು ದಿನ ಹೀಗೇ ಪರೀಕ್ಷೆ ಮಾಡಿದ. ಮೂರು ದಿನವೂ ಗೆರೆ ಗೆದ್ದಿತು. ಹಾಗಾದರೆ ಡಬ್ಬಿ ಸೋರುವುದಿಲ್ಲ, ನೀರು ಹೋಗುವುದು ಹಗಲು, ವ್ಯಾನು ಮಾಮಾನ ಕೈಯಲ್ಲಿರುವಾಗ.

ಇಲ್ಲಿಂದ ಅಪ್ಪನ ತಲೆ ಓಡಿದ ದಾರಿ ನೋಡಿ. ಕಲ್ಮಲದಲ್ಲಿ ರಸ್ತೆ ಎರಡಾಗುತ್ತದೆ. ಒಂದು ಮಾನ್ವಿ ಕಡೆ, ಒಂದು ದೇವದುರ್ಗದ ಕಡೆ. ಆ ವರ್ಷ ದೇವದುರ್ಗದ ರಸ್ತೆಯನ್ನು ಅಗಲ ಮಾಡುತ್ತೇವೆಂದು ಅಗೆದು ಬಿಟ್ಟಿದ್ದರು, ಮೊಣಕಾಲುದ್ದ ಧೂಳು. ಡಾಂಬರಿಗೆ ನೀರು ಬೇಕಿಲ್ಲ, ಧೂಳಿಗೆ ಬೇಕು. ನೀರು ಮುಗಿದಿದೆ ಎಂದರೆ ಧೂಳಿನ ದಾರಿ ಹಿಡಿದಿದ್ದಾನೆ. ಧೂಳಿನ ದಾರಿ ಅರಕೇರಾಕ್ಕೆ ಹೋಗುತ್ತದೆ. ಅರಕೇರಾದಲ್ಲಿ ಯಾರಿದ್ದಾರೆ?

ಡಬ್ಬಿಯ ನೀರಿನಿಂದ ಹೆಣ್ಣಿನ ಮನೆಯ ತನಕ ಅಪ್ಪ ನಾಲ್ಕು ಹೆಜ್ಜೆಯಲ್ಲಿ ತಲುಪಿದ್ದ. ಬುದ್ಧಿವಂತರು ಮಾಡುವ ತಪ್ಪು ಇಂಥದೇ. ಒಂದೊಂದು ಹೆಜ್ಜೆಯೂ ಗಟ್ಟಿಯಾಗಿಯೇ ಕಾಣುತ್ತದೆ.

ಆಮೇಲೆ ಅವನಿಗೆ ಎಲ್ಲವೂ ಸಾಕ್ಷಿಯಾಗಿ ಕಾಣತೊಡಗಿತು. ಗಾಲಿಯ ಮೇಲಿನ ತಗಡಿಗೆ ಅಂಟಿದ ಮಣ್ಣು ಕೆರೆದು ಮೂಸಿ, "ಇದು ಮಾನ್ವಿ ಕಡಿ ಮಣ್ಣಲ್ಲ," ಎಂದ. ಮಾಮಾ ಹೊಸ ಬಾಚಣಿಗೆ ಕೊಂಡದ್ದು ಗಮನಿಸಿದ. ಮಾಮಾ ಊಟದ ಹೊತ್ತಿಗೆ ಹಾಡು ಗುನುಗಿದರೆ, "ಭಾಳ ಖುಷಿ ಅದಾನ," ಎಂದು ಅವ್ವನ ಕಡೆ ನೋಡಿದ.

"ಹಾಡಿದ್ರೂ ತಪ್ಪೇನ್ರಿ?" ಎಂದಳು ಅವ್ವ.

"ನಾ ತಪ್ಪಂತ ಎಲ್ಲಿ ಅಂದೀನಿ. ಖುಷಿ ಅದಾನ ಅಂದೀನಿ."

ನರಸಮ್ಮ ಅತ್ತಿ ಇದನ್ನೆಲ್ಲ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಅಪ್ಪನ ಮಾತು ಬಂದಾಗ ಅವಳ ಕೈಯ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ.

ಆ ಭಾನುವಾರ ನಾನು ಕಲ್ಮಲದಲ್ಲಿ ಯಥಾಪ್ರಕಾರ ಬಟನ್ ಒತ್ತಿದೆ. ಎರಡು ಸಲ ಒತ್ತಿದೆ, ಮುದುಕ ಎರಡು ಸಲ ಆಕಾಶ ನೋಡಿದ. ಸಂಜೆ ಅಪ್ಪ ವ್ಯಾನಿನ ಸುತ್ತ ಒಂದು ಸುತ್ತು ಬಂದು ಗಾಜಿನ ಮುಂದೆ ನಿಂತುಬಿಟ್ಟ. ಧೂಳಿನ ಮೇಲೆ ನೀರು ಇಳಿದ ಗೆರೆ ಒಣಗಿ ನಿಂತಿತ್ತು. ಒಳಗೆ ಬಂದ. ಮಾಮಾ ಊಟಕ್ಕೆ ಕೂತಿದ್ದ. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ನಾನು ಪಕ್ಕದಲ್ಲೇ ಕೂತಿದ್ದೆ.

"ಗಾಜಿಗಿ ನೀರು ಯಾರು ಹೊಡದ್ರು?"

ನನ್ನನ್ನು ಯಾರೂ ಕೇಳಿರಲಿಲ್ಲ. "ನಾ ಮುಟ್ಟಿಲ್ಲಪಾ," ಎಂದೆ.

ಮಾಮಾ ನನ್ನ ಕಡೆ ಒಮ್ಮೆ ನೋಡಿದ. ಅಪ್ಪನ ಕೈ ಎಷ್ಟು ಭಾರ ಎಂದು ಅವನಿಗೂ ಗೊತ್ತಿತ್ತು. "ನಾನೇ ಒತ್ತೀನಿ ಭಾವಾ," ಎಂದ.

"ಮೊನ್ನಿ ಕೇಳಿದಾಗ ಒತ್ತೂದಿಲ್ಲ ಅಂದಿ. ಇವತ್ತು ಒತ್ತೀನಿ ಅಂತಿ. ಯಾವುದು ಖರೇ?"

ಮಾಮಾ ರೊಟ್ಟಿಯ ಒಂದು ತುಂಡು ಮುರಿದುಕೊಂಡ. ಬಾಯಿ ತೆರೆಯಬೇಕಾದ ಹೊತ್ತು ಅದೇ ಎಂದು ಹತ್ತು ವರ್ಷದವಳಿಗೂ ಗೊತ್ತಾಗುತ್ತದೆ. ನಾನು ಹಿಂಡಿಯಲ್ಲಿ ಬೆರಳು ಆಡಿಸುತ್ತ ಕೂತೆ.

"ಅರಕೇರಾಕ್ಕ ಹೊಂಟಿದ್ಯಲ್ಲ ದಿನಾ?"

"ಅರಕೇರಾದಾಗ ನನ್ನದೇನದ ಭಾವಾ?"

"ಅದನ್ನ ನೀ ಹೇಳಬೇಕು. ಕೈಯಾಗ ರೊಟ್ಟಿ ಅದ. ರೊಟ್ಟಿ ಮುಟ್ಟಿ ಹೇಳು, ಆ ಕಡಿ ಹೋಗಿಲ್ಲಂತ."

ಅನ್ನ ಮುಟ್ಟಿ ಆಣೆ ಮಾಡಿಸುವುದೆಂದರೆ ಕಳ್ಳನಿಗೆ ಮಾಡಿಸುವುದು. ಮನೆಯ ಅಳಿಯನಾಗುವವನಿಗೆ, ಕೊಡಬೇಕಾದ ಹೆಣ್ಣಿನ ಎದುರಿಗೆ, ಯಾರೂ ಹಾಗೆ ಕೇಳುವುದಿಲ್ಲ. ಮಾಮಾ ಮುರಿದ ರೊಟ್ಟಿಯ ತುಂಡನ್ನು ಗಂಗಾಳಕ್ಕೆ ವಾಪಸು ಇಟ್ಟ.

"ರೊಟ್ಟಿ ಹಸಿವಾದಾಗ ಮುಟ್ಟೂದು ಭಾವಾ. ಆಣೆಗೆ ಅಲ್ಲ."

ಎದ್ದ. ಕುಡಿಯಲು ಇಟ್ಟಿದ್ದ ಲೋಟದ ನೀರನ್ನು ಒಯ್ದು ಬಚ್ಚಲಿಗೆ ಸುರಿದ. "ನಿಮ್ಮ ಮನಿ ನೀರು ಎಲ್ಲಿ ಹೋಗತದೋ ನನಗ ಗೊತ್ತಿಲ್ಲ. ಇನ್ನ ಮ್ಯಾಲ ನಾ ಅಂತೂ ಮುಟ್ಟೂದಿಲ್ಲ." ವ್ಯಾನಿನ ಚಾವಿಯನ್ನು ಗೋಡೆಯ ಗೂಡಿನಲ್ಲಿಟ್ಟು ಚಪ್ಪಲಿ ಮೆಟ್ಟಿದ.

ಅವ್ವ ಬಾಗಿಲ ತನಕ ಓಡಿದಳು. ತಿರುಗಿ ಬಂದು ಅಪ್ಪನಿಗೆ ಒಂದೇ ಮಾತು ಹೇಳಿದಳು. "ಅವನ್ನ ಕಳಿಸಿದ್ರಿ. ನನ್ನೂ ಅದೇ ಬಸ್ಸಿಗಿ ಕಳಿಸ್ರಿ." ಅಪ್ಪ ಕಳಿಸಲೂ ಇಲ್ಲ, ಅವ್ವ ಹೋಗಲೂ ಇಲ್ಲ. ಆದರೆ ಆ ಮಾತು ಮನೆಯೊಳಗೆ ಬಂದು ಕೂತುಬಿಟ್ಟಿತು. ಮರುದಿನ ಅವ್ವ ತನ್ನ ಟ್ರಂಕನ್ನು ಮಂಚದ ಕೆಳಗಿನಿಂದ ಹೊರಗೆ ಎಳೆದಿಟ್ಟಿದ್ದಳು, ಒರೆಸಬೇಕು ಎಂದು.

ಸೋಮವಾರ ಅಪ್ಪ ಮಿಲ್ಲಿಗೆ ರಜೆ ಹಾಕಿ ತಾನೇ ವ್ಯಾನು ಓಡಿಸಿದ. ಬೆಳಿಗ್ಗೆ ತನ್ನ ಕೈಯಾರೆ ಡಬ್ಬಿ ತುಂಬಿದ. ಬಟನ್ ಒತ್ತಲಿಲ್ಲ. ಸಂಜೆ ನೋಡಿದರೆ ಡಬ್ಬಿ ಖಾಲಿ.

ಅತ್ತಿ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಅಣ್ಣಾ, ನೀ ಯಾವ ಅರಕೇರಾಕ್ಕ ಹೋಗಿದ್ದಿ?"

ಸಂಶಯ ಎಂಬುದು ಸುಲಭಕ್ಕೆ ಸೋಲುವುದಿಲ್ಲ. ಅಪ್ಪ, "ಹೋಗಾಗ ಏನೋ ಮಾಡಿ ಹೋಗ್ಯಾನವ. ನನ್ನ ಸುಳ್ಳ ಮಾಡಾಕ," ಎಂದ. ನೀರು ಹೋದದ್ದಕ್ಕೂ ಮಾಮಾನೇ ಕಾರಣ, ಮಾಮಾ ಇಲ್ಲದಾಗ ಹೋದದ್ದಕ್ಕೂ ಮಾಮಾನೇ ಕಾರಣ.

ಮಂಗಳವಾರ ಯಾವುದೋ ಚುನಾವಣೆಗೆಂದು ನಮ್ಮ ಶಾಲೆಗೆ ರಜೆ ಕೊಟ್ಟಿದ್ದರು. ನಸುಕಿನಲ್ಲಿ ಅತ್ತಿ ನನ್ನನ್ನು ಎಬ್ಬಿಸಿದಳು. ಅವಳ ಕೈಯಲ್ಲಿ ನೀಲಿಯ ಪೊಟ್ಟಣ, ಒಂದು ಚೊಂಬು ನೀರು. ಅಪ್ಪ ಮುಖ ತೊಳೆಯುವಷ್ಟರಲ್ಲಿ ಇಡೀ ಪೊಟ್ಟಣ ಕದಡಿ ಡಬ್ಬಿಗೆ ಸುರಿದಳು. ಶಾಯಿಯಂತೆ ಕಪ್ಪು ನೀಲಿ.

"ಇದ್ಯಾಕತ್ತಿ?"

"ಕಳ್ಳ ಯಾರಂತ ಇದು ಹೇಳತದ. ಯಾರ ಮೈಗಿ ನೀಲಿ ಹತ್ತತದೋ ಅವರೇ."

ಬಟನ್ ಒತ್ತಿದವಳು ನಾನು. ನೀಲಿಗೆ ಅದು ಗೊತ್ತಾಗಿಬಿಟ್ಟರೆ?

ಹೆಣ್ಣಾಳುಗಳು ಹತ್ತಿದರು. ತಲೆಗೆ ಟವೆಲ್ಲು, ಸೊಂಟಕ್ಕೆ ಹತ್ತಿ ತುಂಬುವ ಬಟ್ಟೆ, ಬುತ್ತಿಯ ಗಂಟು. ಅವರೊಂದಿಗೆ ಅತ್ತಿಯೂ ಹಿಂದೆ ಕೂತಳು, ಹಂಗಾಮಿನಲ್ಲಿ ಅವಳೂ ಹತ್ತಿಗೆ ಹೋಗುತ್ತಿದ್ದಳು. ನನ್ನನ್ನು ಮುಂದೆ ಕೂಡಿಸಿದರು. ನನ್ನ ಕಾಲ ಕೆಳಗೆ ಯಾವಾಗಲೂ ಇರುತ್ತಿದ್ದ ಗೋಣಿಚೀಲ, ಅದರ ಮೇಲೆ ಹೆಣ್ಣಾಳುಗಳ ಕುಡಿಯುವ ನೀರಿನ ಕೊಡ. ಆ ಚೀಲ ಸದಾ ಹಸಿಯಾಗಿರುತ್ತಿತ್ತು. ಕೊಡ ತುಳುಕಿರಬೇಕು ಎಂದು ಯಾರೂ ಅದನ್ನು ಎತ್ತಿ ನೋಡಿರಲಿಲ್ಲ. ಚಪ್ಪಲಿ ಬಿಚ್ಚಿ ಕಾಲಿಟ್ಟರೆ ತಣ್ಣಗೆ ಹಿತವಾಗಿರುತ್ತಿತ್ತು.

ಹೊಲದ ಬದುವಿನಲ್ಲಿ ವ್ಯಾನು ನಿಂತಿತು. ಮಂಜು ಇನ್ನೂ ಆರಿರಲಿಲ್ಲ, ಹತ್ತಿ ಗಿಡಗಳ ಎಲೆ ಹಸಿ ವಾಸನೆ ಹೊಡೆಯುತ್ತಿತ್ತು. ನಾನು ಬರಿಗಾಲಲ್ಲೇ ಕೆಳಗೆ ಇಳಿದೆ. ಒಣ ಮಣ್ಣಿನ ಮೇಲೆ ನನ್ನ ಹೆಜ್ಜೆ ನೀಲಿಯಾಗಿ ಮೂಡಿತು.

ನಮ್ಮ ಓಣಿಯ ಈರಮ್ಮ ಮೊದಲು ನೋಡಿದಳು. ವಯಸ್ಸಾದವಳು, ಬಾಯಿ ಜೋರು. "ಏನಬೇ ರೇಣವ್ವಾ, ಕಾಲು ನೋಡಿಕೋ. ಕೃಷ್ಣ ಪರಮಾತ್ಮ ಆಗಾಕತ್ತಿಯಲ್ಲ, ಕೆಳಗಿಂದ ಸುರುವಾಗ್ಯದ."

ಎಲ್ಲರೂ ನಕ್ಕರು. ನಾನು ಹಿಮ್ಮಡಿ ನೋಡಿಕೊಂಡೆ, ಎರಡೂ ಕಡು ನೀಲಿ. ಕಳ್ಳನನ್ನು ನೀಲಿ ಹಿಡಿದಿತ್ತು. "ಯಪ್ಪಾ, ಬಟನ್ ನಾ ಒತ್ತಿದ್ದೆ. ಮಾಮಾ ಒತ್ತಿಲ್ಲ. ನಾ ಸುಳ್ಳ ಹೇಳೀನಿ," ಎಂದು ಅಳತೊಡಗಿದೆ.

ಅಪ್ಪ ನನ್ನನ್ನು ನೋಡಿದ, ನನ್ನ ಕಾಲು ನೋಡಿದ. ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ. ಅವನು ಕೊಡ ಇಳಿಸಿ, ಗೋಣಿಚೀಲ ಎಳೆದು ಹೊರಗೆ ಬಿಸಾಡಿದ. ಅದು ಧೊಪ್ಪೆಂದು ಬಿತ್ತು, ಹಿಂಡಿದರೆ ನೀಲಿ ಸುರಿಯುವಷ್ಟು ನೆನೆದಿತ್ತು. ಚೀಲದ ಹಿಂದಿನ ತಗಡು ಬಿಚ್ಚಿದ. ಅದರ ಹಿಂದೆ ವೈಪರ್ ಡಬ್ಬಿ. ಬೋಲ್ಟು ಹಾಕುವ ಕಿವಿಯ ಬುಡದಲ್ಲಿ ಉಗುರಿನಷ್ಟು ಉದ್ದದ ಒಂದು ಸೀಳು, ಅಲ್ಲಿಂದ ಕೆಳಗೆ ಇಳಿದ ನೀಲಿ ಗೆರೆ.

ಎಂಜಿನ್ ಬಂದ್ ಆಗಿತ್ತು, ಹನಿಯೂ ನಿಂತಿತ್ತು. ಅತ್ತಿ ಮುಂದೆ ಬಂದು, "ಚಾಲೂ ಮಾಡು," ಎಂದಳು. ಎಂಜಿನ್ ನಡುಗತೊಡಗಿದ್ದೇ ತಡ ಆ ಸೀಳು ಬಾಯಿ ತೆರೆಯಿತು, ನೀಲಿ ಜಿನುಗಿತು. ನಿಂತ ಗಾಡಿಯಲ್ಲಿ ಮುಚ್ಚಿಕೊಳ್ಳುವ ಬಾಯಿ ಅದು. ಅಪ್ಪನ ಇದ್ದಲಿನ ಗೆರೆ ಮೂರು ರಾತ್ರಿ ಖರೆಯನ್ನೇ ಹೇಳಿತ್ತು, ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ.

"ಅವನೇ ಹೋಗಾಗ ಸೀಳಿ..." ಎಂದು ಅಪ್ಪ ಶುರು ಮಾಡಿದ.

"ಅಣ್ಣಾ, ಇಲ್ಲಿ ನೋಡು." ಅತ್ತಿ ಸೀಳಿನ ಅಂಚಿಗೆ ಉಗುರು ಹಾಕಿ ಕೆರೆದಳು. ಬೆಳ್ಳಗೆ ಗಟ್ಟಿಯಾದ ಸುಣ್ಣದ ಹಕ್ಕಳೆ. ನಮ್ಮ ಕಡೆಯ ಸವಳು ನೀರು ಎಲ್ಲಿ ಜಿನುಗಿದರೂ ಅಲ್ಲಿ ಬಿಳಿ ಕಟ್ಟುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು. "ಕೊಡದ ಬುಡದಾಗ ಹಿಂಗ ಕಟ್ಟಾಕ ಎಷ್ಟ್ ದಿನ ಬೇಕು ಹೇಳು. ಒಂದ ದಿನದಾಗ ಕಟ್ಟತದೇನು? ಇದು ನೀ ಗಾಡಿ ತಂದಾಗಿಂದ ಹನಿ ಹನಿ ಸೋರಾಕತ್ತದ, ಈಗ ಸೀಳು ದೊಡ್ಡದಾಗ್ಯದ."

ಅಪ್ಪ ಎಂಜಿನ್ ಬಂದ್ ಮಾಡಿದ. ಹೆಣ್ಣಾಳುಗಳು ಹೊಲಕ್ಕೆ ಇಳಿದರು. ಈರಮ್ಮ ಹೋಗುತ್ತ, "ಡಬ್ಬಿಗಿ ಆಣೆ ಮಾಡಿಸಿದ್ರ ಮೊದಲೇ ಹೇಳತಿತ್ತು," ಎಂದಳು. ಓಣಿಗೆಲ್ಲ ಆಗಲೇ ಗೊತ್ತಾಗಿತ್ತು.

ಅತ್ತಿ ಆ ದಿನ ಹತ್ತಿ ಬಿಡಿಸಲಿಲ್ಲ, ನಮ್ಮೊಂದಿಗೇ ವಾಪಸು ಬಂದಳು. ಮಧ್ಯಾಹ್ನ ರಾಯಚೂರಿನ ಗುಜರಿ ಸಾಲಿನಲ್ಲಿ ನಿಂತೆವು. ಅಪ್ಪ ಮುಂದೆ ಹೋಗಿ ಇನ್ನೂರ ಐವತ್ತು ಕೇಳಿಸಿಕೊಂಡು ಬಂದ. ಅತ್ತಿ ಅವನನ್ನು ವ್ಯಾನಿನ ಹತ್ತಿರ ನಿಲ್ಲಿಸಿ, ನನ್ನ ಕೈ ಹಿಡಿದು ಸಾಲಿನ ಇನ್ನೊಂದು ತುದಿಯಿಂದ ಬೇರೆಯವರಂತೆ ಅದೇ ಅಂಗಡಿಗೆ ಬಂದಳು. ಮೊದಲು ಒಂದು ತೂತು ಬಕೆಟ್ಟಿನ ಬೆಲೆ ಕೇಳಿದಳು. ಆಮೇಲೆ ಒಂದು ತಗಡಿನ ಚೂರಿನದು. ಕೊನೆಗೆ ಡಬ್ಬಿಯನ್ನು ಕಾಲಿನಿಂದ ಸರಿಸಿ, "ಇದೇನು ಚಾಚಾ?" ಎಂದಳು.

"ಗಾಡೀದು ನೀರಿನ ಡಬ್ಬಿ ಅಮ್ಮಾ. ನಿಮಗ ಯಾಕ?"

"ಕೋಳಿಗಿ ನೀರಿಡಾಕ ಬರತದೇನೋ ಅಂತ."

ಕೋಳಿಯ ಬೆಲೆಗೆ ಇಳಿದ, ನೂರ ಹತ್ತಕ್ಕೆ ನಿಂತಿತು. ಆಮೇಲೆ ಅತ್ತಿ ಪಕ್ಕದ ಚಹಾದಂಗಡಿಯಿಂದ ನೀರು ತಂದು ಡಬ್ಬಿಗೆ ತುಂಬಿ, ಕಿವಿಯ ಬುಡ ಹಿಡಿದು ಮಗುವನ್ನು ಅಲ್ಲಾಡಿಸಿದಂತೆ ಅಲ್ಲಾಡಿಸಿದಳು. ಕೆಳಗೆ ಕೈ ಹಿಡಿದು ನೋಡಿದಳು. ಮತ್ತೆ ಅಲ್ಲಾಡಿಸಿದಳು.

"ಕೋಳಿಗಿ ನೀರಿಡಾಕ ಇಷ್ಟೆಲ್ಲಾ ಪರೀಕ್ಷಾ ಏನಮ್ಮಾ?"

"ನಮ್ಮ ಮನಿ ಕೋಳಿ ಭಾಳ ಸಂಶಯದವು ಚಾಚಾ."

ಅಂಗಳದಲ್ಲಿ ಅಪ್ಪನೇ ಡಬ್ಬಿ ಬದಲಿಸಿದ. ಎರಡು ಬೋಲ್ಟು ಬಿಚ್ಚಿ, ಬುಡದ ಪುಟ್ಟ ಮೋಟರಿನ ವೈರು ತೆಗೆದು, ಪೈಪನ್ನು ಎಳೆದರೆ ಅದು ಕಲ್ಲಾಗಿತ್ತು. ಬಿಸಿನೀರು ಹಾಕಿದರೂ ಬಿಡದೆ ಮುರಿಯಿತು, ಅದಕ್ಕೇ ಹೊಸ ಪೈಪು. ಮೋಟರು ಕೂರುವ ತೂತಿಗೆ ಹೊಸ ರಬ್ಬರು, ಅದಕ್ಕೆ ಅವ್ವ ಸೋಪು ಸವರಿ ಕೊಟ್ಟಳು, ಸುಲಭಕ್ಕೆ ಒಳಗೆ ಹೋಯಿತು. ಬೋಲ್ಟಿನ ಕೆಳಗೆ ಅತ್ತಿ ಹಳೆಯ ಟ್ಯೂಬಿನ ಎರಡು ತುಂಡು ಕತ್ತರಿಸಿ ಇಟ್ಟಳು, ನಡುಕ ನೇರ ಡಬ್ಬಿಗೆ ತಾಗಬಾರದೆಂದು. ನೀರು ತುಂಬಿ, ಕೆಳಗೆ ಪೇಪರು ಹಾಸಿ, ಎಂಜಿನ್ ಚಾಲೂ ಇಟ್ಟು ಒಂದು ಚಹಾ ಕಾಯಿಸುವಷ್ಟು ಹೊತ್ತು ಕಾದೆವು. ಪೇಪರು ಒಣಗಿಯೇ ಇತ್ತು. ಅಪ್ಪ ನನ್ನನ್ನು ಕರೆದು, "ಒತ್ತು," ಎಂದ. ನಾನು ಒತ್ತಲಿಲ್ಲ.

ಮರುದಿನ ಕಲ್ಮಲಕ್ಕೆ ಹೋದೆವು. ಒಡೆದ ಡಬ್ಬಿ ನನ್ನ ತೊಡೆಯ ಮೇಲಿತ್ತು. ಮಾಮಾ ಕುರಿಹಟ್ಟಿಯ ಮುಂದೆ ಕಂಬಳಿ ಝಾಡಿಸುತ್ತಿದ್ದ. ಅಪ್ಪ ಡಬ್ಬಿಯನ್ನು ಅವನ ಮುಂದೆ ಇಟ್ಟ. ತಪ್ಪಾಯಿತು ಎಂಬ ಮಾತು ಅಪ್ಪನ ಬಾಯಿಂದ ಆವತ್ತೂ ಬರಲಿಲ್ಲ, ಆಮೇಲೂ ಬಂದಿಲ್ಲ.

"ಇದು ಸೀಳಿತ್ತು," ಎಂದ.

"ಹ್ಞೂಂ," ಎಂದ ಮಾಮಾ.

"ಬಟನ್ ನಾ ಒತ್ತಿದ್ದೆ ಅಂತ ಹೇಳೀನಿ ಮಾಮಾ," ಎಂದೆ ನಾನು.

"ಲಗೂನೇ ಹೇಳಿದಿ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಅವನ ಕಣ್ಣು ನನ್ನ ಕಾಲಿಗೆ ಇಳಿಯಿತು. "ನೀಲಿ ಯಾರು ಹಾಕಿದ್ದು?"

ಅತ್ತಿ, "ನಾನು," ಎಂದಳು. ಮದುವೆ ಗೊತ್ತಾದ ಮೇಲೆ ಅವರಿಬ್ಬರೂ ಹಿರಿಯರ ಎದುರಿಗೆ ನೇರ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾ ತಪ್ಪ ಮಾಡೀನಂತ ಹುಡುಕಿದ್ಯೋ, ಮಾಡಿಲ್ಲಂತ ಹುಡುಕಿದ್ಯೋ?"

ಅವ್ವ ಅತ್ತಿಯ ಸೆರಗು ಜಗ್ಗಿದಳು. ಏನು ಹೇಳಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಅತ್ತಿ ಸೆರಗು ಬಿಡಿಸಿಕೊಂಡಳು.

"ಗೊತ್ತಿದ್ದಿಲ್ಲ. ಅದಕ್ಕೇ ಹುಡುಕಿದೆ."

ಕುರಿಯೊಂದು ಕೆಮ್ಮಿತು. ಮಾಮಾ ಡಬ್ಬಿಯನ್ನು ಕೈಗೆತ್ತಿಕೊಂಡು ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ. "ನಂಬಿದ್ದೆ ಅಂತ ಅಂದಿದ್ರ ನಾ ನಂಬತಿದ್ದಿಲ್ಲ," ಎಂದ. ಅವ್ವನ ಕಡೆ ತಿರುಗಿ, "ಅಕ್ಕಾ, ಬ್ಯಾಸಗಿ ಅಂದಿದ್ರಲ್ಲ, ಬ್ಯಾಸಗಿಗೇ ಆಗಲಿ."

ಬೇಸಿಗೆಗೇ ಆಯಿತು. ಅವ್ವನ ಟ್ರಂಕು ಮಂಚದ ಕೆಳಗೆ ಹೋಯಿತು. ಮಾಮಾ ನಮ್ಮ ವ್ಯಾನಿನ ಚಾವಿ ಮಾತ್ರ ಮತ್ತೆ ಹಿಡಿಯಲಿಲ್ಲ. ಅತ್ತಿಯನ್ನು ಕರೆದುಕೊಂಡು ಮಾನ್ವಿಗೆ ಹೋದ, ಅಲ್ಲೇ ಸ್ವಂತ ಗಾಡಿ ಮಾಡಿದ. ಇಬ್ಬರೂ ಚೆನ್ನಾಗಿದ್ದಾರೆ. ಅವರ ಮನೆಯಲ್ಲಿ ಯಾರೂ ಯಾರನ್ನೂ ಆಣೆ ಕೇಳುವುದಿಲ್ಲ, ಅತ್ತಿ ನೇರ ಸಾಮಾನನ್ನೇ ಕೇಳುತ್ತಾಳೆ.

ಆ ವ್ಯಾನು ಗುಜರಿಗೆ ಹೋಗಿ ಬಹಳ ವರ್ಷವಾಯಿತು. ಕಲ್ಮಲ ಕ್ರಾಸಿನ ಚಹಾದ ಕಟ್ಟೆ ಇಲ್ಲ, ಆಕಾಶ ನೋಡುವ ಮುದುಕ ಇಲ್ಲ. ಈಗ ನನ್ನವೇ ನಾಲ್ಕು ವ್ಯಾನು ಇವೆ, ಮಕ್ಕಳನ್ನು ಶಾಲೆಗೆ ಬಿಡುತ್ತವೆ. ಯಾವ ಮಗುವಿಗೂ ಬಟನ್ ಒತ್ತಲು ಬಿಡಬೇಡಿ ಎಂದು ಡ್ರೈವರುಗಳಿಗೆ ನಾನೇ ಹೇಳಿದ್ದೇನೆ. ಹೇಳಿದ ದಿನ, ಆ ಹಸಿ ಚೀಲದ ಮೇಲೆ ಇಟ್ಟಂತೆ ಹಿಮ್ಮಡಿ ತಣ್ಣಗಾಯಿತು. ಅಪ್ಪನಿಗೆ ವಯಸ್ಸಾಗಿದೆ. ಮಾಮಾ ಹಬ್ಬಕ್ಕೆ ಬರುತ್ತಾನೆ, ರೊಟ್ಟಿ ಉಣ್ಣುತ್ತಾನೆ, ನಗುತ್ತಾನೆ. ಅವನು ಬರುವ ದಿನ ಅಪ್ಪ ತಾನೇ ಎದ್ದು ಲೋಟ ತೊಳೆದು ನೀರು ತುಂಬಿ ಅವನ ಗಂಗಾಳದ ಪಕ್ಕ ಇಡುತ್ತಾನೆ. ಮಾಮಾ ಚೀಲದಿಂದ ತನ್ನ ಬಾಟಲಿ ತೆಗೆದು ಕುಡಿಯುತ್ತಾನೆ. ಊಟವಾದ ಮೇಲೆ ಅವ್ವ ಲೋಟವನ್ನು ಒಳಗೆ ಒಯ್ಯುತ್ತಾಳೆ. ಮಾತಿನಲ್ಲಿ ಯಾರಿಗೂ ಸೋಲದೆ ಬದುಕು ಕಟ್ಟಿಕೊಂಡವಳು ನಾನು, ಮಾಮಾನಿಗೆ ನಮ್ಮ ಮನೆಯ ಒಂದು ಲೋಟ ನೀರು ಕುಡಿಸಲು ಚೌಕಾಸಿ ಮಾಡಿ ಪ್ರತಿ ವರ್ಷ ಸೋಲುತ್ತೇನೆ.

ಆದ್ದರಿಂದ ಹಳೆಯ ಗಾಡಿ ಇಟ್ಟುಕೊಂಡವರಿಗೆ ಹೇಳುತ್ತೇನೆ, ಕೇಳಿ. ವೈಪರ್ ನೀರು ದಿನಾ ಕಡಿಮೆಯಾಗುತ್ತಿದ್ದರೆ ನಿಂತ ಗಾಡಿಯಲ್ಲಿ ಗೆರೆ ಎಳೆದು ನೋಡಬೇಡಿ, ಎಂಜಿನ್ ಚಾಲೂ ಇಟ್ಟು ನೋಡಿ. ಕಾಲ ಕೆಳಗಿನ ಚೀಲ ಎತ್ತಿ, ಹಸಿಯಾಗಿದ್ದರೆ ತಪ್ಪನ್ನು ಕೊಡದ ಮೇಲೆ ಹಾಕಬೇಡಿ. ಬೋಲ್ಟಿನ ಕಿವಿಯ ಬುಡ ಮುಟ್ಟಿ ನೋಡಿ, ಬಿಳಿ ಸುಣ್ಣ ಕಟ್ಟಿದ್ದರೆ ಅಲ್ಲೇ ಸೀಳು. ಗುಜರಿ ಡಬ್ಬಿ ಕೊಳ್ಳುವುದಾದರೆ ನೀರು ತುಂಬಿ ಅಲ್ಲಾಡಿಸದೆ ಹಣ ಕೊಡಬೇಡಿ, ನಿಮ್ಮ ಗಾಡಿಯನ್ನು ಅಂಗಡಿಯ ಎದುರಿಗೆ ನಿಲ್ಲಿಸಬೇಡಿ. ಇಷ್ಟು ಮಾಡಿದರೂ ಗೊತ್ತಾಗದಿದ್ದರೆ ಕಿರಾಣಿ ಅಂಗಡಿಯಿಂದ ಒಂದು ನೀಲಿ ಪೊಟ್ಟಣ ತಂದು ಡಬ್ಬಿಗೆ ಸುರಿಯಿರಿ. ಯಾರನ್ನಾದರೂ ಏನಾದರೂ ಕೇಳುವುದಿದ್ದರೆ, ಅದಾದ ಮೇಲೆ ಕೇಳಿ.